ಹಿತ್ತಲ ಕೋಳಿಗೆ ಲೆಕ್ಕ ಇಟ್ಟವರಿಲ್ಲ

ಎಷ್ಟು ಕೋಳಿ ಇದ್ದರೆ ಸಾಕಣೆ, ಎಷ್ಟಾದರೆ ಫಾರಂ? ಈಚೆಗೆ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತಿದೆ. ಕೇಳುವವರು ಹೆಚ್ಚಾಗಿ ಬೆಂಗಳೂರಿನ ಗೆಳೆಯರು. ಊರಲ್ಲಿ ಒಂದೋ ಅರ್ಧವೋ ಎಕರೆ ಇದೆ, ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಹತ್ತು ಕೋಳಿ ಹೇಗೂ ಓಡಾಡಿಕೊಂಡಿವೆ, ಅದನ್ನೇ ಐನೂರು ಮಾಡಿದರೆ ಹೇಗೆ ಅನ್ನೋ ಯೋಚನೆ ಅವರದು. ಹತ್ತಕ್ಕೆ ಖರ್ಚೇ ಇಲ್ಲ, ಹಾಗಾದ್ರೆ ಐನೂರಕ್ಕೆ ಲಾಭ ಎಷ್ಟು ಅಂತ ಎಕ್ಸೆಲ್ ಶೀಟ್ ಕೂಡ ಮಾಡಿಟ್ಟಿರುತ್ತಾರೆ.

ಸಂಖ್ಯೆ ನೋಡಿ ಹೇಳೋಣ ಅಂದರೆ ಒಬ್ಬೊಬ್ಬರದು ಒಂದೊಂದು ಗೆರೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ, ಮೇಕೆ ಘಟಕಕ್ಕೆ ಸಬ್ಸಿಡಿ ಬೇಕಂದರೆ ಅತಿ ಚಿಕ್ಕ ಅಳತೆಯೇ 100 ಹೆಣ್ಣು, 5 ಗಂಡು. ಮಾಲಿನ್ಯ ನಿಯಂತ್ರಣ ಮಂಡಳಿ ಕೋಳಿಯವರ ಕಡೆ ತಿರುಗಿ ನೋಡೋದು 5,000 ದಾಟಿದ ಮೇಲೆ. ತಿಪಟೂರು ಸೀಮೆಯ ನಮ್ಮೂರಲ್ಲೋ, ಮನೆ ಮುಂದೆ ಹನ್ನೆರಡು ಓಡಾಡಿದರೆ ಸಾಕು, "ಅವ್ರ ಮನೇಲಿ ಬೇಜಾನ್ ಕೋಳಿ ಐತೆ" ಅಂತಾರೆ.

ನನ್ನ ಕೇಳಿದರೆ ಎಣಿಸೋದೇ ಬೇಡ. ಆ ಮನೆಯವರನ್ನ ಒಂದೇ ಮಾತು ಕೇಳಿ. ಇವು ಇವತ್ತು ಏನು ತಿಂದವು?

ನಮ್ಮ ಚಿಕ್ಕಮ್ಮನ ಉತ್ತರ: "ಏನೋ, ಅಲ್ಲಿ ಇಲ್ಲಿ ಕೆದ್ಕಂಡು ತಿಂದಿರ್ತವೆ ಬಿಡು."

ಅವಳ ಮಗನ ಉತ್ತರ: "ನಲವತ್ತೈದು ಕೆಜಿ ಅಕ್ಕ. ಶುಕ್ರವಾರಕ್ಕೆ ಮತ್ತೆ ಚೀಲ ತರಿಸ್ಬೇಕು."

ಇಬ್ಬರೂ ಒಂದೇ ಮನೆಯವರು. ಒಬ್ಬಳದು ಹಿತ್ತಲು, ಇನ್ನೊಬ್ಬನದು ಅದೇ ಹಿತ್ತಲಿನಾಚೆ ತೆಂಗಿನ ತೋಟದಲ್ಲಿ ಎದ್ದ ಶೆಡ್ಡು. ನಡುವೆ ನೂರು ಹೆಜ್ಜೆಯೂ ಇಲ್ಲ. ಆದರೆ ಎರಡೂ ಬೇರೆ ಬೇರೆ ಬದುಕು ಅನ್ನೋದು ನನಗೆ ನಿಧಾನವಾಗಿ ಗೊತ್ತಾಯಿತು.

ಮೊದಲು ಹಿತ್ತಲಿನದು ಹೇಳ್ತೀನಿ. ಚಿಕ್ಕಮ್ಮನ ಕೋಳಿಗಳು ಬೆಳಗ್ಗೆ ಮಂಕರಿ ಎತ್ತಿದ ಕೂಡಲೇ ತಿಪ್ಪೆಗೆ ಓಡುತ್ತವೆ. ಅಲ್ಲಿ ಹುಳ, ಗೆದ್ದಲು. ಆಮೇಲೆ ಕೊಟ್ಟಿಗೆ, ಅಲ್ಲಿ ಹಸುವಿನ ಕಾಲಡಿ ಬಿದ್ದ ಬೂಸಾ, ಉಣ್ಣೆ ಹುಳ. ರಾಗಿ ಕೇರುವಾಗ ಮೊರದಿಂದ ಜಾರಿದ ಕಾಳು, ಮುದ್ದೆ ಪಾತ್ರೆಯ ಸೀಕು, ಕಾಯಿ ತುರಿದ ಮೇಲೆ ಚಿಪ್ಪಿನಲ್ಲಿ ಉಳಿದದ್ದು. ಸಂಜೆ ಮತ್ತೆ ಮಂಕರಿಗೆ ಕರೆಯೋಕೆ ಒಂದು ಹಿಡಿ ಜೋಳ ಚೆಲ್ಲುತ್ತಾಳೆ. ಅದೊಂದೇ ಕೊಂಡು ತಂದದ್ದು. ಕೆಲವೊಮ್ಮೆ ಅದೂ ಪಕ್ಕದ ಮನೆಯದು.

ಹಿತ್ತಲಿನ ಕೋಳಿಗೆ ಖರ್ಚಿಲ್ಲ ಅಂತ ಗೆಳೆಯರು ಹೇಳೋದು ಈ ಅರ್ಥದಲ್ಲಿ ನಿಜ. ಆದರೆ ಖರ್ಚು ಯಾಕಿಲ್ಲ ಅಂತ ನೋಡಬೇಕು. ಆ ಮನೆಯಲ್ಲಿ ಚೆಲ್ಲುವುದು, ಉದುರುವುದು, ಉಳಿಯುವುದು ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಕೋಳಿಗಳು ಅಲ್ಲಿ ಬದುಕುತ್ತವೆ. ಹತ್ತು ಹನ್ನೆರಡಕ್ಕೆ ಸಾಕಾಗುತ್ತೆ. ಇಪ್ಪತ್ತೈದಾದರೆ ಪಕ್ಕದವರ ಸೊಪ್ಪಿನ ಮಡಿಗೆ ನುಗ್ಗುತ್ತವೆ, ಜಗಳ ಶುರುವಾಗುತ್ತೆ. ಐನೂರನ್ನು ಬಿಟ್ಟರೆ ಊರಿನ ತಿಪ್ಪೆಯೆಲ್ಲ ಸೇರಿದರೂ ಒಂದು ವಾರಕ್ಕೆ ಬರಲ್ಲ. ಹತ್ತರ ಲೆಕ್ಕವನ್ನು ಐವತ್ತರಿಂದ ಗುಣಿಸೋಕೆ ಆಗದೇ ಇರೋದು ಇದಕ್ಕೇ.

ಇನ್ನೊಂದಿದೆ. ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ತಾನೇ ಒಂದು ಸಣ್ಣ ಕಾರ್ಖಾನೆಯನ್ನ ಹೊತ್ತುಕೊಂಡು ಓಡಾಡುತ್ತೆ. ಒಂದು ಸರದಿಗೆ ಹನ್ನೆರಡು, ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. 21 ದಿನಕ್ಕೆ ಮರಿ. ಆಮೇಲೆ ಎರಡು ತಿಂಗಳಾದರೂ ಮರಿಗಳ ಹಿಂದೆಯೇ. ರೆಕ್ಕೆಯಡಿ ಬಿಸಿ ಕೊಡುವುದು ಅದೇ, ಕೆದಕಿ ತಿನ್ನೋದು ಕಲಿಸೋದು ಅದೇ, ಹದ್ದಿನ ನೆರಳು ಬಿದ್ದರೆ ಕೂಗು ಹಾಕೋದೂ ಅದೇ. ಹೀಗಾಗಿ ವರ್ಷಕ್ಕೆ ಮೊಟ್ಟೆ ಅರವತ್ತು ಎಂಬತ್ತಕ್ಕೆ ನಿಲ್ಲುತ್ತೆ. ಮೊಟ್ಟೆ ಫಾರಂನ ಬಿಳಿ ಕೋಳಿ ವರ್ಷಕ್ಕೆ 300 ದಾಟುತ್ತೆ, ಯಾಕಂದರೆ ಕಾವಿಗೆ ಕೂರುವ ಗುಣವನ್ನೇ ತಳಿ ಆಯ್ಕೆಯಲ್ಲಿ ಕಳೆದುಬಿಟ್ಟಿದ್ದಾರೆ. ಕೂರದ ಕೋಳಿ ದಿನಾ ಇಡುತ್ತೆ. ಹ್ಯಾಟೆ ಮಾಡುತ್ತಿದ್ದ ಬಾಕಿ ಕೆಲಸಗಳು ಎಲ್ಲಿ ಹೋದವು? ಒಂದೊಂದೂ ಒಂದೊಂದು ಬಿಲ್ಲಾಗಿ ಫಾರಂನವನ ಹತ್ತಿರ ಬಂದವು. ಮರಿ ಹ್ಯಾಚರಿಯಿಂದ, ಬಿಸಿ ಕರೆಂಟಿನಿಂದ, ಕಾವಲು ಜಾಲರಿಯಿಂದ, ಮೇವು ಚೀಲದಿಂದ.

ಹನ್ನೆರಡು ಮೊಟ್ಟೆ ಇಟ್ಟರೆ ಚಿಕ್ಕಮ್ಮನಿಗೆ ಕೊನೆಗೆ ಸಿಗೋದು ನಾಲ್ಕೋ ಐದೋ ಕೋಳಿ. ಎರಡು ಮೊಟ್ಟೆ ಗೊಡ್ಡಾಗುತ್ತವೆ. ಹದ್ದು ಒಯ್ಯುತ್ತೆ, ಮುಂಗುಸಿ ಒಯ್ಯುತ್ತೆ, ಮಳೆಗೆ ನೆನೆದು ಒಂದು ಸಾಯುತ್ತೆ. ಹದ್ದಿಗೆ ಮೋಸ ಮಾಡೋಕೆ ಅಂತ ಮರಿಗಳಿಗೆ ಗುಲಾಬಿ ಬಣ್ಣ ಬಳಿಯೋದುಂಟು. ಹದ್ದು ಎಷ್ಟು ಮೋಸ ಹೋಗುತ್ತೋ ಹದ್ದಿಗೇ ಗೊತ್ತು. ಅರ್ಧಕ್ಕರ್ಧ ಹೋದರೂ ಚಿಕ್ಕಮ್ಮ ಹದ್ದಿಗೆ ಒಂದು ಶಾಪ ಹಾಕಿ ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಅವಳು ಹಾಕಿದ ದುಡ್ಡು ಯಾವುದೂ ಇಲ್ಲ, ಹೋದದ್ದೂ ಇಲ್ಲ. ಅದೇ ಅರ್ಧ ಶೆಡ್ಡಿನಲ್ಲಿ ಹೋದರೆ ಅವಳ ಮಗ ಮತ್ತೆ ಕೆಲಸ ಹುಡುಕಿ ಬೆಂಗಳೂರಿನ ಪೀಣ್ಯದ ಕಡೆ ಬಸ್ಸು ಹತ್ತಬೇಕಾಗುತ್ತೆ.

ಈ ಲೆಕ್ಕವಿಲ್ಲದ ಕೋಳಿಗಳು ಕಮ್ಮಿಯೇನಲ್ಲ. 2019ರ 20ನೇ ಜಾನುವಾರು ಗಣತಿಯಲ್ಲಿ ದೇಶದ ಕೋಳಿ, ಬಾತು ಎಲ್ಲ ಸೇರಿ 85 ಕೋಟಿ ಸಿಕ್ಕವು. ಅದರಲ್ಲಿ ಹಿತ್ತಲಿನವೇ 31.7 ಕೋಟಿ. ಅದರ ಹಿಂದಿನ 2012ರ ಗಣತಿಗೆ ಹೋಲಿಸಿದರೆ ಫಾರಂ ಕೋಳಿ ಹೆಚ್ಚಿದ್ದು ಶೇಕಡ 4.5ರಷ್ಟು, ಹಿತ್ತಲ ಕೋಳಿ ಹೆಚ್ಚಿದ್ದು ಶೇಕಡ 46ರ ಹತ್ತಿರ. ಫಾರಂ ಬಂದ ಮೇಲೆ ಹಿತ್ತಲು ಮುಗಿಯಿತು ಅಂದುಕೊಂಡವರಿಗೆ ಈ ಅಂಕಿ ಒಂದು ಉತ್ತರ. ಗಣತಿಯವರು ಚಿಕ್ಕಮ್ಮನಂಥವರಿಂದ ಈ ಸಂಖ್ಯೆ ಹೇಗೆ ಹೊರಡಿಸುತ್ತಾರೋ ನನಗೆ ಕುತೂಹಲ. ಎಷ್ಟು ಕೋಳಿ ಅಂತ ಕೇಳಿದರೆ ಅವಳು ನೇರವಾಗಿ ಹೇಳೋಳಲ್ಲ. ಎಣಿಸಿದರೆ ಕಣ್ಣು ಬೀಳುತ್ತೆ. "ಹತ್ತೋ ಹನ್ನೊಂದೋ ಬರ್ಕಳಿ ಸಾ" ಅಂದಿರುತ್ತಾಳೆ.

ಹಿತ್ತಲಿಗೂ ಫಾರಂಗೂ ನಡುವೆ ನಿಲ್ಲುವ ಕೋಳಿಯನ್ನೂ ನಮ್ಮವರೇ ಮಾಡಿದ್ದಾರೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಗಿರಿರಾಜ ತಳಿ ತಂದರು, ಆಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ನೋಡೋಕೆ ನಾಟಿಯ ಹಾಗೇ ಬಣ್ಣ ಬಣ್ಣ, ಮೈ ಮಾತ್ರ ದಪ್ಪ. ಗಿರಿರಾಜ ವರ್ಷಕ್ಕೆ 130, 150 ಮೊಟ್ಟೆ ಇಡುತ್ತೆ. ಚಿಕ್ಕಮ್ಮನೂ ಒಂದು ಕಾಲಕ್ಕೆ ಸಾಕಿದ್ದಳು. ಅವಳ ದೂರು ಎರಡು. ಕಾವಿಗೆ ಕೂರೋದು ಅಪರೂಪ, ಹಾಗಾಗಿ ಪ್ರತಿ ಸಲ ಮರಿ ಕೊಳ್ಳಬೇಕು. ಮೈಭಾರಕ್ಕೆ ನಾಯಿ ಬಂದರೆ ಹಾರೋಕಾಗಲ್ಲ, ನಿಂತಲ್ಲೇ ಸಿಕ್ಕಿಬೀಳುತ್ತೆ. ಒಳ್ಳೆಯ ಕೋಳಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಒಂದು ಬೇಲಿ ಬೇಕು, ಸ್ವಲ್ಪ ಕೈಮೇವು ಬೇಕು. ಅಷ್ಟು ಮಾಡಿದ ದಿನ ಹಿತ್ತಲು ಅರ್ಧ ಫಾರಂ ಆಗಿರುತ್ತೆ.

ಇನ್ನು ಶೆಡ್ಡಿನ ವಿಷಯ. ತಮ್ಮ, ಅಂದರೆ ಚಿಕ್ಕಮ್ಮನ ಮಗ, ಪೀಣ್ಯದಲ್ಲಿ ಕೆಲಸದಲ್ಲಿದ್ದವನು, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದು ಅಲ್ಲೇ ಉಳಿದ. ಬಾಯ್ಲರ್, ಅಂದರೆ ಬೇಗ ಬೆಳೆಯುವ ಮಾಂಸದ ಕೋಳಿ, ಬೇಡ ಅಂದ. ಬಾಯ್ಲರ್‌ನಲ್ಲಿ ಕಂಪನಿಯವರು ಮರಿ, ಫೀಡು, ಔಷಧಿ ಕೊಡುತ್ತಾರೆ. ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸುವ ಹೊಟ್ಟು, ದುಡಿಮೆ ನಮ್ಮದು. ಕೊನೆಗೆ ಕೆಜಿಗಿಷ್ಟು ಅಂತ ಸಾಕಿದ ಕೂಲಿ. ಒಂದು ಕೋಳಿಗೆ ಒಂದು ಚದರಡಿ ಜಾಗ ಅಂದರೂ ಐದು ಸಾವಿರಕ್ಕೆ ಐದು ಸಾವಿರ ಚದರಡಿ ಶೆಡ್ಡು ಕಟ್ಟಬೇಕು. ಅಷ್ಟು ಸಾಲ ಯಾಕೆ ಅಂತ ಅವನು ಐನೂರು ನಾಟಿ ಮರಿಗೆ ನಿಂತ. ಊರವರು ಅದನ್ನ "ನಾಟಿ ಕೋಳಿ ಫಾರಂ" ಅನ್ನುತ್ತಾರೆ. ಕೆಲವರು ಈಗಲೂ "ಕೋಳಿ ಮನೆ" ಅಂತಾರೆ.

ಚಿಕ್ಕಮ್ಮನ ಕೋಳಿಯೂ ನಾಟಿ, ಅವನದೂ ನಾಟಿ. ಕೊನೆಯಲ್ಲಿ ಸಾರೂ ಒಂದೇ. ಆದರೆ ಶೆಡ್ಡಿನ ಕೋಳಿಗೆ ಕೆದಕಿ ತಿನ್ನೋಕೆ ತಿಪ್ಪೆ ಇಲ್ಲ. ನಾಲ್ಕು ತಿಂಗಳು ಸಾಕಿದರೆ ಒಂದೂಕಾಲು, ಒಂದೂವರೆ ಕೆಜಿ ಬರುತ್ತೆ, ಅಷ್ಟರಲ್ಲಿ ಸುಮಾರು ಐದು ಕೆಜಿ ಮೇವು ತಿಂದಿರುತ್ತೆ. ಬಾಯ್ಲರ್ ಆದರೆ ಆರು ವಾರದೊಳಗೆ ಮೂರೂವರೆ ಕೆಜಿ ಮೇವಿಗೆ ಎರಡು ಕೆಜಿ ತೂಗುತ್ತೆ. ಪೇಟೆಯಲ್ಲಿ ನಾಟಿ ಯಾಕೆ ಇಷ್ಟು ದುಬಾರಿ ಅಂತ ಗೊಣಗುವವರು ಈ ಎರಡು ಸಾಲನ್ನ ಒಮ್ಮೆ ನೋಡಬೇಕು. ಚಿಕ್ಕಮ್ಮ ಪಕ್ಕದ ಬೀದಿಯವರಿಗೆ ಕೋಳಿ ಕೊಡುವ ರೇಟಿಗೆ ಅವನು ಕೊಟ್ಟರೆ ಫೀಡಿನ ದುಡ್ಡೂ ಹುಟ್ಟಲ್ಲ. ಇದು ಊರವರಿಗೆ ಅರ್ಥವಾಗಲ್ಲ. "ನಿಮ್ಮಮ್ಮ ಕಮ್ಮಿಗೆ ಕೊಡ್ತಾಳೆ, ನೀನು ಯಾಕಪ್ಪ ಹಿಂಗೆ?" ಅಂತ ಅವನನ್ನೇ ಕೇಳುತ್ತಾರೆ.

ಮರಿ ಬಂದ ಮೊದಲ ವಾರ ಅವನು ಶೆಡ್ಡಿನಲ್ಲೇ ಮಲಗುತ್ತಾನೆ. ಮರಿಗಳಿಗೆ ಆಗ 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬೇಕು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತಾ ಬರಬೇಕು. ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಗುಂಪುಗಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಶೆಕೆ. ಥರ್ಮಾಮೀಟರ್‌ಗಿಂತ ಅದೇ ಸರಿಯಾದ ಲೆಕ್ಕ ಅಂತಾನೆ. ರಾತ್ರಿ ಕರೆಂಟು ಹೋದರೆ ಇದ್ದಿಲ ಒಲೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದೊಂದು ಹನಿ ಲಸೋಟಾ, ಅಂದರೆ ಕೊಕ್ಕರೆ ರೋಗದ ಲಸಿಕೆ, ಹದಿನಾಲ್ಕರ ಹೊತ್ತಿಗೆ ಗುಂಬೋರೊ ರೋಗದ್ದು, ನಾಲ್ಕನೇ ವಾರಕ್ಕೆ ಮತ್ತೆ ಲಸೋಟಾ, ಎರಡು ತಿಂಗಳಿಗೆ ಚುಚ್ಚುಮದ್ದು. ಇದರಲ್ಲಿ ಒಂದು ತಪ್ಪಿದರೂ ರೋಗಕ್ಕೆ ಬಾಗಿಲು ತೆಗೆದ ಹಾಗೆ.

ಹಾಗಾದ್ರೆ ಚಿಕ್ಕಮ್ಮನ ಕೋಳಿಗೆ ಲಸಿಕೆ? ಇಲ್ಲ. ಬೇಡ ಅಂತ ಅಲ್ಲ. ಲಸಿಕೆ ಸೀಸೆಯೇ ನೂರು, ಐನೂರು, ಸಾವಿರ ಡೋಸಿನದು. ಐಸಿನಲ್ಲಿ ಇಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯವಳು ಅದನ್ನ ತಂದು ಏನು ಮಾಡಬೇಕು? ಇಡೀ ಬೀದಿಯವರು ಒಂದೇ ದಿನ ಕೋಳಿ ಹಿಡಿದಿಟ್ಟುಕೊಂಡರೆ ಆದೀತು. ಬೆಳಗ್ಗೆ ಮಂಕರಿ ಎತ್ತುವ ಮೊದಲೇ ಬರಬೇಕು, ಇಲ್ಲಾಂದ್ರೆ ಒಂದೂ ಕೈಗೆ ಸಿಗಲ್ಲ. ಆಗಾಗ ಪಶು ಇಲಾಖೆಯವರು ಬಂದು ಹಾಕಿದ್ದೂ ಇದೆ. ಉಳಿದಂತೆ ಬೇಸಿಗೆಯಲ್ಲಿ ಒಂದು ಗಾಳಿ ಬೀಸಿದ ಹಾಗೆ ರೋಗ ಬೀದಿಗುಂಟ ಹೋಗುತ್ತೆ. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸಾಯುತ್ತವೆ. ಮಿಕ್ಕವನ್ನು ಜನ ಅವಸರ ಅವಸರವಾಗಿ ಸಾರು ಮಾಡಿಬಿಡುತ್ತಾರೆ. ಆರು ತಿಂಗಳಲ್ಲಿ ಯಾರೋ ನೆಂಟರ ಮನೆಯಿಂದ ಒಂದು ಹ್ಯಾಟೆ ಬರುತ್ತೆ, ಮತ್ತೆ ಶುರು.

ಈ ಲಸಿಕೆ ವಿಷಯವೇ ಆ ಮನೆಯಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು. ತರಬೇತಿಯಲ್ಲಿ ತಮ್ಮನಿಗೆ ಹೇಳಿಕೊಟ್ಟ ಮೊದಲ ಪಾಠ, ಶೆಡ್ಡಿನ ಹತ್ತಿರ ಹೊರಗಿನ ಕೋಳಿ ಸುಳಿಯಬಾರದು. ಹೊರಗಿನ ಕೋಳಿ ಅಂದರೆ ಯಾವುದು? ಅವನನ್ನ ಸಾಕಿದ ಕೋಳಿಯೇ. ಚಿಕ್ಕಮ್ಮ ಅವುಗಳ ಮೊಟ್ಟೆ ಮಾರಿಯೇ ಅವನ ಹೈಸ್ಕೂಲಿನ ಫೀಜು ಕಟ್ಟಿದ್ದು. "ಅಮ್ಮ, ನಿನ್ ಕೋಳಿ ತೆಗಿ" ಅಂದ. ಅವಳು, "ನಿಂದೇ ಆ ಕಡೆ ತಗಂಡೋಗು. ಇವು ಮೊದ್ಲಿಂದ ಇಲ್ಲೇ ಇರೋವು" ಅಂದಳು.

ನ್ಯಾಯ ಯಾರ ಕಡೆ ಅಂತ ಈಗಲೂ ಹೇಳೋಕಾಗಲ್ಲ. ಅವನ ಮಾತಿನಲ್ಲಿ ಹುರುಳಿದೆ. ಹಕ್ಕಿ ಜ್ವರ ಬಂದಾಗ ನೋಡಿ. 2012ರಲ್ಲಿ ಹೆಸರಘಟ್ಟದಲ್ಲಿ ಬಂತು, 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಬಂತು. ರೋಗ ಕಂಡ ಜಾಗದ ಸುತ್ತ ಗೆರೆ ಎಳೆದ ಮೇಲೆ ಒಳಗಿರೋದು ಫಾರಂ ಕೋಳಿಯೋ ಹಿತ್ತಲಿನ ಕೋಳಿಯೋ ಅಂತ ಯಾರೂ ಕೇಳಲ್ಲ, ಎಲ್ಲವನ್ನೂ ಕೊಂದು ಹೂಳುತ್ತಾರೆ. ಕೊಂದದ್ದಕ್ಕೆ ಪರಿಹಾರ ಉಂಟು. ಅದಕ್ಕೆ ಮೊದಲೇ ತಾನಾಗಿ ಸತ್ತದ್ದಕ್ಕೆ ಇಲ್ಲ. ಇದು ಗೊತ್ತಿರೋ ಹುಡುಗ ಹೆದರೋದು ಸಹಜ. ಆದರೆ ಆ ಮನೆಯಲ್ಲಿ ಆಕೆಯ ಕೋಳಿ ಹೋದರೆ ಏನೇನು ಹೋಗುತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ.

ಮೊಟ್ಟೆ ದುಡ್ಡು ಅಂತ ನಮ್ಮ ಕಡೆ ಒಂದು ದುಡ್ಡಿದೆ. ಕೊಬ್ಬರಿ ದುಡ್ಡು ಗಂಡಸರದು. ತಿಪಟೂರು ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಮಾರಿ, ಬರುವಾಗ ಏನೇನು ಖರ್ಚಾಗಿದೆಯೋ ಅದು ಆಗಿ, ಉಳಿದದ್ದು ಮನೆಗೆ ಬರುತ್ತೆ. ಮೊಟ್ಟೆ ದುಡ್ಡು ಮನೆ ಬಾಗಿಲಿಗೇ ಬರುತ್ತೆ. ಬಾಣಂತಿ ಇರುವ ಮನೆಯವರು, ಹುಷಾರಿಲ್ಲದ ಮಗುವಿನ ಅಜ್ಜಿ, ಹೀಗೆ ಯಾರೋ ಬಂದು ನಾಲ್ಕು ನಾಟಿ ಮೊಟ್ಟೆ ಕೇಳುತ್ತಾರೆ. ಕೊಟ್ಟ ದುಡ್ಡು ಸೀದಾ ಸಾಸಿವೆ ಡಬ್ಬಿಗೆ. ಅದನ್ನ ಯಾರೂ ಕೇಳಲ್ಲ. ಕೇಳಿದರೂ ಹೇಳಲ್ಲ. ಚಿಕ್ಕಮ್ಮನ ಸ್ತ್ರೀಶಕ್ತಿ ಸಂಘದ ವಾರದ ಕಂತು ಅದರದು, ಮಗಳ ಮನೆಗೆ ಹೋಗುವ ಬಸ್ ಚಾರ್ಜು ಅದರದು, ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆಯಾದ ಮೇಲೆ ಮೊಮ್ಮಗಳ ಬಳೆ ಅದರದು. ಕಷ್ಟಕ್ಕೆ ಒಂದು ಹುಂಜ ಮಾರಿದರೆ ಗಂಡನ ಕೈ ಕಾಯಬೇಕಾಗಿಲ್ಲ. ಎಷ್ಟು ದುಡ್ಡು ಅಂದರೆ ಜಾಸ್ತಿ ಏನಲ್ಲ. ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅದೊಂದೇ.

ಶೆಡ್ಡು ಬಂದ ಮೇಲೆ ಏನಾಯಿತು? ಬೆಳಗ್ಗೆ ನೀರಿನ ಡಬ್ಬಿ ತೊಳೆಯೋದು ಚಿಕ್ಕಮ್ಮ. ಫೀಡು ಹಾಕೋದು ಅವಳ ಸೊಸೆ. ಹೊಟ್ಟು ಕೆದಕಿ ಒಣಗಿಸೋದು ಇಬ್ಬರೂ. ಸಾಲ ತಮ್ಮನ ಹೆಸರಿನಲ್ಲಿ, ಖಾತೆ ತಮ್ಮನದು, ವ್ಯಾಪಾರಿ ಫೋನ್ ಮಾಡೋದು ತಮ್ಮನಿಗೆ. ಅವನೇನು ಕೆಟ್ಟವನಲ್ಲ, ಅಮ್ಮನಿಗೆ ಬೇಕಾದ್ದು ಕೊಡುತ್ತಾನೆ. ಆದರೆ ಈಗ ಅವಳು ಕೇಳಬೇಕು. ಹಿತ್ತಲಿನಿಂದ ಫಾರಂಗೆ ಏರೋದು ಅಂದರೆ ಅಭಿವೃದ್ಧಿ ಅಂತ ಭಾಷಣದಲ್ಲಿ ಹೇಳುವವರು ಈ ಒಂದು ಬದಲಾವಣೆಯನ್ನ ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? ಹಿತ್ತಲು ಫಾರಂನ ಎಳೆಯ ರೂಪ, ಬೆಳೆದರೆ ಫಾರಂ ಆಗುತ್ತೆ ಅನ್ನೋ ಮಾತನ್ನ ನಾನು ಒಪ್ಪದೇ ಇರೋದಕ್ಕೆ ಇದೇ ಮುಖ್ಯ ಕಾರಣ. ಅದು ಬೆಳೆಯಲ್ಲ. ಅದನ್ನ ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನ ಇಡುತ್ತೇವೆ.

ಜಗಳ ಕೊನೆಗೆ ಹೇಗೆ ಮುಗಿಯಿತು ಅಂದರೆ, ಚಿಕ್ಕಮ್ಮ ತನ್ನ ಕೋಳಿಗಳನ್ನ ವಾರಕ್ಕೆ, ಅಂದರೆ ಪಾಲಿಗೆ, ಕೊಟ್ಟಳು. ಪೇಟೆಯಲ್ಲಿ ಬೆಳೆದವರಿಗೆ ಇದು ಗೊತ್ತಿರಲಿಕ್ಕಿಲ್ಲ. ನನ್ನ ಹೆಣ್ಣು ಮರಿ ನಿಮ್ಮನೇಲಿ ಬಿಡೋದು, ನೀವು ಸಾಕೋದು, ಹುಟ್ಟಿದ್ದರಲ್ಲಿ ಅರ್ಧ ನಿಮಗೆ ಅರ್ಧ ನನಗೆ. ಕುರಿ, ಮೇಕೆಯಲ್ಲಿ ಇದು ಮಾಮೂಲು. ಕೋಳಿಯಲ್ಲೂ ನಡೆಯುತ್ತೆ. ಊರಾಚೆ ಕಾಲನಿಯಲ್ಲಿ ಒಬ್ಬ ಹೆಂಗಸಿಗೆ ಎರಡು ಹ್ಯಾಟೆ, ಒಂದು ಹುಂಜ ಕೊಟ್ಟಳು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಸತ್ತರೆ ಇಬ್ಬರಿಗೂ ನಷ್ಟ, ಯಾರೂ ಯಾರಿಗೂ ಕಟ್ಟಿಕೊಡೋ ಹಾಗಿಲ್ಲ. ನಿಜವಾಗಿ ಸತ್ತಿತೋ ಸಾರಾಯಿತೋ ಅನ್ನೋ ಅನುಮಾನ ಬರೋದುಂಟು, ಅದಕ್ಕೇ ರೆಕ್ಕೆಯೋ ಕಾಲೋ ತೋರಿಸೋ ಪದ್ಧತಿ. ಜಮೀನಿಲ್ಲದ ಎಷ್ಟೋ ಮನೆಗಳಲ್ಲಿ ಮೊದಲ ಮೇಕೆ ಬಂದಿರೋದು ಹೀಗೆ ವಾರಕ್ಕೆ. ಎರಡು ಮೂರು ಸೂಲಿನಲ್ಲಿ ತನ್ನದೇ ನಾಲ್ಕು ಮೇಕೆ. ಬ್ಯಾಂಕಿಗೆ ಹೋಗಿ ಜಾನುವಾರು ಮಿಷನ್‌ನ ಸಬ್ಸಿಡಿಯಲ್ಲಿ ಮೇಕೆ ಸಾಲ ಕೇಳಿದರೆ 100 ಹೆಣ್ಣು 5 ಗಂಡಿನ ಪ್ರಾಜೆಕ್ಟ್ ರಿಪೋರ್ಟ್ ತಾ ಅಂತಾರೆ. ನಾಲ್ಕು ಮೇಕೆಯಿಂದ ನೂರಕ್ಕೆ ಹೋಗೋ ದಾರಿ ಆ ರಿಪೋರ್ಟಿನಲ್ಲಿ ಇಲ್ಲ. ನಾಲ್ಕಿಗೆ ಬೇಲಿ ಸಾಲಿನ ಸೊಪ್ಪು ಸಾಕು. ನೂರಕ್ಕೆ ಮೇವು ಬೆಳೆಯೋ ಜಮೀನೇ ಬೇಕು. ಇಲ್ಲವೇ ಶಿರಾ ಕಡೆ ಕುರಿಯವರ ಹಾಗೆ ಮಂದೆ ಹೊಡೆದುಕೊಂಡು ಊರೂರು ಹೋಗಬೇಕು.

ಹಾಲಿನ ವಿಷಯದಲ್ಲಿ ಮಾತ್ರ ಗೆರೆ ಇಷ್ಟು ಸ್ಪಷ್ಟವಿಲ್ಲ. ನಮ್ಮ ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು. ಆಮೇಲೆ ಬಂದ ಡೇರಿಗಳು ಮಾಡಿದ್ದೇನು ಅಂದರೆ, ಒಂದೇ ಹಸು ಇರುವ ಮನೆಯನ್ನೂ ಮಾರುಕಟ್ಟೆಗೆ ಸೇರಿಸಿದವು. ಎರಡು ಲೀಟರ್ ತಂದರೂ ಅಳೆದು, ಫ್ಯಾಟ್ ನೋಡಿ, ದುಡ್ಡು ಕೊಡುತ್ತಾರೆ. ಮೊಟ್ಟೆಗಾಗಲೀ ಮೇಕೆಗಾಗಲೀ ಇಂಥದ್ದು ಇಲ್ಲ. ನಮ್ಮ ಅಜ್ಜಿ ಕಾಲದ ಹಳ್ಳಿಕಾರ್ ಹಸು ಕರುವಿಗೆ ಬಿಟ್ಟು ಮಿಕ್ಕ ಒಂದೆರಡು ಲೀಟರ್ ಕೊಡುತ್ತಿತ್ತು. ಅದನ್ನ ಸಾಕುತ್ತಿದ್ದದ್ದೇ ಎತ್ತಿಗಾಗಿ, ಗೊಬ್ಬರಕ್ಕಾಗಿ. ಹಾಲು ಮೇಲಿನದು. ಈಗ ಕೊಟ್ಟಿಗೆಯಲ್ಲಿ ಇರೋದು ಸೀಮೆಹಸು. ಮೈ ಕಾಯೋಕೆ ದಿನಕ್ಕೆ ಒಂದೂವರೆ ಎರಡು ಕೆಜಿ ಹಿಂಡಿ, ಆಮೇಲೆ ಕೊಡುವ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಇನ್ನೊಂದೊಂದು ಕೆಜಿ. ಬೆಳಗ್ಗೆ ಬೆದೆ ಕಂಡರೆ ಸಂಜೆ ಗರ್ಭ ಕಟ್ಟುವ ಇಂಜೆಕ್ಷನ್, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಒಂದು ಸಲ ತಪ್ಪಿಸಿದರೆ ಮತ್ತೆ ಮೂರು ವಾರ ಕಾಯಬೇಕು, ಅಷ್ಟೂ ದಿನ ಮೇವು ದಂಡ.

ಹಸು ಒಂದೇ ಇದ್ದರೂ ಇದು ಫಾರಂ ಅಂತಲೇ ನನ್ನ ಲೆಕ್ಕ. ಯಾಕಂದರೆ ಆ ಮನೆಯ ಗಡಿಯಾರ ಹಸುವಿನದು. ಡೇರಿ ತೆಗೆಯೋ ಹೊತ್ತಿಗೆ ಹಾಲು ಕರೆದಿರಬೇಕು, ಬೆಳಗ್ಗೆಯೂ ಸಂಜೆಯೂ. ಮದುವೆ ಇರಲಿ, ಸಾವಿರಲಿ, "ಹಾಲಿನ ಟೈಮಾಯ್ತು" ಅಂತ ಒಬ್ಬರು ಎದ್ದು ಹೋಗೇ ಹೋಗುತ್ತಾರೆ. ಚಿಕ್ಕಮ್ಮ ಕೋಳಿ ಬಿಟ್ಟು ನಾಲ್ಕು ದಿನ ಮಗಳ ಮನೆಗೆ ಹೋದರೆ ಪಕ್ಕದವರು ಮಂಕರಿ ಮುಚ್ಚುತ್ತಿದ್ದರು. ಸೀಮೆಹಸುವನ್ನ ಹಾಗೆ ಯಾರಿಗೂ ವಹಿಸೋಕಾಗಲ್ಲ.

ಬತ್ತಿದ ಹಸು ಏನಾಗುತ್ತೆ ಅನ್ನೋದು ಇನ್ನೊಂದು ಕಥೆ. ಹಿತ್ತಲಿನ ಕಾಲದಲ್ಲಿ ಮುದಿ ಹಸು ಗೊಬ್ಬರಕ್ಕಾದರೂ ಇರಲಿ ಅಂತ ಒಂದು ಮೂಲೆಯಲ್ಲಿ ಇರುತ್ತಿತ್ತು, ಹುಲ್ಲು ಹೊಲದ್ದೇ. ಚೀಲದ ಹಿಂಡಿ ತಿನ್ನುವ ಹಸು ಬತ್ತಿದರೆ ದಿನಾ ದುಡ್ಡು ಹೋಗುತ್ತೆ. 2021ರ ಜನವರಿಯಿಂದ ಗೋಹತ್ಯೆ ತಡೆ ಕಾಯ್ದೆ ಬಿಗಿಯಾದ ಮೇಲೆ ಅದನ್ನ ಕೊಳ್ಳುವವರೂ ಕಮ್ಮಿ. ಹೋರಿಗರುವಿನ ಪಾಡಂತೂ ಕೇಳಲೇಬೇಡಿ. ಇದರ ರಾಜಕೀಯ ಇಲ್ಲಿ ಬೇಡ. ಮೂರು ಹಸು ಇರೋರು ಎರಡಕ್ಕೆ ಇಳಿದದ್ದನ್ನ ನಮ್ಮ ಬೀದಿಯಲ್ಲೇ ನೋಡಿದ್ದೀನಿ, ಅಷ್ಟು ಹೇಳ್ತೀನಿ.

ಕೋಳಿಗೆ ವಾಪಸ್ ಬರೋಣ. ಮಾರೋ ಹೊತ್ತೂ ಎರಡು ಕಡೆ ಬೇರೆ ಬೇರೆ. ಚಿಕ್ಕಮ್ಮನ ಹುಂಜ ಯಾವಾಗ ಹೋಗುತ್ತೆ ಅನ್ನೋದನ್ನ ಅವಳ ಅವಶ್ಯಕತೆ ಹೇಳುತ್ತಿತ್ತು. ಮಾರಮ್ಮನ ಹಬ್ಬಕ್ಕೆ ಅಂತ ಮರಿಯಾಗಿದ್ದಾಗಲೇ ಒಂದನ್ನ ಬಿಟ್ಟಿರುತ್ತಿದ್ದಳು, ಅದನ್ನ ಎಷ್ಟು ಕೊಡ್ತೀನಿ ಅಂದರೂ ಮಾರುತ್ತಿರಲಿಲ್ಲ. ತಮ್ಮನ ಕೋಳಿ ಯಾವಾಗ ಹೋಗುತ್ತೆ ಅನ್ನೋದನ್ನ ಪಂಚಾಂಗ ಹೇಳುತ್ತೆ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಕೋಳಿಯ ರೇಟು ಏರುತ್ತೆ, ಹಳೇ ಮೈಸೂರು ಸೀಮೆಯಲ್ಲಿ ಅವತ್ತು ಬಾಡು ಇಲ್ಲದ ಮನೆ ಹುಡುಕಬೇಕು. ಆ ದಿನಕ್ಕೆ ಒಂದೂವರೆ ಕೆಜಿ ತೂಗಬೇಕು ಅಂದರೆ ಮರಿ ನವೆಂಬರ್ ಕೊನೆಗೆ ಶೆಡ್ಡಿಗೆ ಬಂದಿರಬೇಕು. ಮಹಾಲಯ ಅಮಾವಾಸ್ಯೆಗೆ ಬೇಕಂದರೆ ಮೇ ಕೊನೆಗೆ. ಹದಿನೈದು ದಿನ ತಡವಾದರೆ ತೂಕ ಬಂದಿರಲ್ಲ. ಹಬ್ಬ ಕಳೆದ ಮೇಲೆ ಉಳಿದ ಕೋಳಿ ದಿನಾ ತಿನ್ನುತ್ತೆ, ರೇಟು ದಿನಾ ಇಳಿಯುತ್ತೆ. ಅವನು ಫೋನ್ ತೆಗೆಯದ ದಿನಗಳು ಅವೇ.

ವಾರಾಂತ್ಯಕ್ಕೆ ಊರಿಗೆ ಹೋಗಿ ಫಾರಂ ನೋಡ್ಕೊಳ್ತೀನಿ ಅನ್ನೋ ಗೆಳೆಯರಿಗೆ ನಾನು ಇದನ್ನೆಲ್ಲ ಹೇಳಲ್ಲ. ಅಷ್ಟು ಹೊತ್ತು ಕೇಳೋರೂ ಕಮ್ಮಿ. ಆ ಎಕ್ಸೆಲ್ ಶೀಟಿನಲ್ಲಿ ಅಮ್ಮನ ಕೂಲಿ ಎಲ್ಲಿದೆ ಅಂತ ಮಾತ್ರ ಕೇಳ್ತೀನಿ. ಸಾಮಾನ್ಯವಾಗಿ ಆ ಸಾಲೇ ಇರಲ್ಲ. ಹಿತ್ತಲಿನಲ್ಲಿ ಅಮ್ಮನ ಕೆಲಸಕ್ಕೆ ಕೂಲಿ ಇಲ್ಲ, ಸರಿ. ಅದರ ದುಡ್ಡೂ ಅಮ್ಮನದೇ ಆಗಿತ್ತಲ್ಲ. ಕೋಳಿ ಬೇಕು, ಮೊಟ್ಟೆ ಬೇಕು, ಮಕ್ಕಳು ಮರಿಗಳ ಹಿಂದೆ ಓಡಬೇಕು ಅನ್ನೋ ಆಸೆಯಾದರೆ ನಾಲ್ಕು ಹ್ಯಾಟೆ ಸಾಕು, ಯಾವ ಶೆಡ್ಡೂ ಬೇಡ. ದುಡಿಮೆ ಮಾಡ್ತೀನಿ ಅಂದರೆ ಶೆಡ್ಡು ಕಟ್ಟೋಕೆ ಮೊದಲು ಅರವತ್ತು ವರ್ಷದವರ ಮೇಲೆ ಬೀಳದ ಹಾಗೆ ಆಳು ಗೊತ್ತುಮಾಡಿ. ಇಷ್ಟಕ್ಕೇ ಕೆಲವರು ಮುಖ ಸಣ್ಣ ಮಾಡುತ್ತಾರೆ.

ತಮ್ಮನೂ ಈಗ ವರ್ಷಪೂರ್ತಿ ಸಾಕೋದು ಬಿಟ್ಟಿದ್ದಾನೆ. ಹೊಸತೊಡಕಿಗೆ ಒಂದು, ಮಹಾಲಯಕ್ಕೆ ಒಂದು, ಎರಡೇ ಬ್ಯಾಚು. ನಡುವೆ ಶೆಡ್ಡು ಖಾಲಿ ಮಾಡಿ, ಸುಣ್ಣ ಹೊಡೆದು, ತಿಂಗಳು ಒಣಗಲು ಬಿಡುತ್ತಾನೆ. ಮೆಕ್ಕೆಜೋಳ ತಾನೇ ಬೆಳೆದು ಒಡೆಸುತ್ತಾನೆ, ತೊಟ್ಟಿಯಲ್ಲಿ ಅಜೋಲ ಅನ್ನೋ ನೀರಲ್ಲಿ ತೇಲುವ ಮೇವು ಬಿಟ್ಟಿದ್ದಾನೆ, ನುಗ್ಗೆ ಸೊಪ್ಪು ಕಟ್ಟುತ್ತಾನೆ. ಚೀಲ ಸ್ವಲ್ಪ ಕಮ್ಮಿಯಾಗಿದೆ. ಈ ಸಲ ಮಹಾಲಯದ ಬ್ಯಾಚಿಗೆ ಮರಿ ಬುಕ್ ಮಾಡೋಕೆ ಹೋದಾಗ ಚಿಕ್ಕಮ್ಮ ಒಂದು ಷರತ್ತು ಹಾಕಿದ್ದಾಳೆ. ನೀರು, ಮೇವು ತಾನೇ ನೋಡಿಕೊಳ್ಳುತ್ತಾಳಂತೆ, ಆದರೆ ಆ ಬ್ಯಾಚಿನ ದುಡ್ಡು ಅವಳ ಸಂಘದ ಪಾಸ್‌ಬುಕ್ಕಿಗೆ ಬರಬೇಕಂತೆ. ಫೀಡಿನ ಸಾಲ ತೀರಿಸಿ ಉಳಿದದ್ದೋ ಅಥವಾ ಪೂರ್ತಿ ದುಡ್ಡೋ ಅನ್ನೋದರ ಮೇಲೆ ಇಬ್ಬರಿಗೂ ಇನ್ನೂ ಚೌಕಾಸಿ ನಡೆದಿದೆ. ಸೊಸೆ ಅತ್ತೆಯ ಕಡೆ ಸೇರಿದ್ದಾಳೆ ಅಂತ ಮೊನ್ನೆ ಫೋನಿನಲ್ಲಿ ಗೊತ್ತಾಯಿತು.